ಹನ್ನೆರಡು ತಿಂಗಳ ಕೂಲಿ

ಕಳೆದ ತಿಂಗಳು ಹುಣಸೂರು ಬಸ್ ನಿಲ್ದಾಣದ ಎದುರು ಎಚ್.ಡಿ. ಕೋಟೆ ಬಸ್ಸಿಗೆ ಕಾಯುತ್ತಿದ್ದೆ. ಹೊಗೆಸೊಪ್ಪಿನ ಬೇಲು ತುಂಬಿಕೊಂಡ ಟೆಂಪೊ ಒಂದು ಪಕ್ಕದಲ್ಲೇ ಬಂದು ನಿಂತಿತು. ಹದವಾಗಿ ಬೆಂದು ಒಣಗಿದ ಸೊಪ್ಪಿನ ವಾಸನೆ ನಮ್ಮ ಕಡೆಯವರಿಗೆ ಹೊಸದಲ್ಲ. ಸಿಹಿಯೂ ಘಾಟೂ ಬೆರೆತು ಗಂಟಲಲ್ಲಿ ಕೂರುವ ವಾಸನೆ. ಪಕ್ಕದಲ್ಲಿದ್ದ ರೈತರೊಬ್ಬರು ಮೂಗರಳಿಸಿ, "ಒಳ್ಳೆ ಸೊಪ್ಪು ಕಣ್ರೀ, ಹರಾಜಲ್ಲಿ ರೇಟು ಸಿಗ್ತದೆ" ಅಂದರು. ನಾನು ನಾಲ್ಕು ಹೆಜ್ಜೆ ಆಚೆ ಸರಿದು ನಿಂತೆ. ಆ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದೇ ವರ್ಷದ ಸೀಸನ್ನು. ಆ ಕಾರ್ತಿಕದಿಂದ ಯುಗಾದಿಯವರೆಗೆ ನಾನು ಮಾಡಿದ ಕೆಲಸವನ್ನು ಆವತ್ತಿನವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಅರ್ಧ ಗೊತ್ತಿತ್ತು. ಪೂರ್ತಿ ಕೇಳಬೇಕಾದವಳಿಗೆ ಹೇಳಲೆಂದೇ ಆವತ್ತು ಕೋಟೆ ಬಸ್ಸಿಗೆ ಕಾಯುತ್ತಿದ್ದೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಮೂವತ್ತಕ್ಕೂ ಹೆಚ್ಚು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದೆ. ಚಿಕ್ಕಸ್ವಾಮಿ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಪೋಸ್ಟ್ ಸ್ವಾಮಣ್ಣ ಅಂದರೆ ಎಲ್ಲರಿಗೂ ಗೊತ್ತು. ಹುಣಸೂರಿನಲ್ಲೇ, ಮರ ಕೊಯ್ಯುವ ಸಾಮಿಲ್ಲಿನ ಹಿಂದಿನ ಬೀದಿಯಲ್ಲಿ ನನ್ನ ಮನೆ. ನಿವೃತ್ತಿಯ ದುಡ್ಡು ಬಂದಾಗ ಹಿತ್ತಿಲಲ್ಲಿ ಸಾಲಾಗಿ ಮೂರು ಸಣ್ಣ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟೆ. ಆಸ್ತಿಯ ಖಾತೆಯಲ್ಲಿ ಮಾತ್ರ ಅದೆಲ್ಲ ಒಂದೇ ಮನೆ. ಹಿತ್ತಿಲಲ್ಲಿ ಕಟ್ಟಿದ್ದನ್ನು ನಾನು ಯಾವ ಕಚೇರಿಗೂ ತಿಳಿಸಿರಲಿಲ್ಲ, ಅದಕ್ಕೆ ಕಂದಾಯವನ್ನೂ ಕಟ್ಟಿರಲಿಲ್ಲ.

ಆ ಮೂರರಲ್ಲಿ ಕೊನೆಯ ಮನೆಯಲ್ಲಿ ಜೈಬುನ್ ಇದ್ದಳು. ಬಡಗಿ ಕೆಲಸ ಮಾಡುತ್ತಿದ್ದ ಗಂಡ ತೀರಿಕೊಂಡಿದ್ದ. ಅತ್ತೆ ಹಾಜಿರಮ್ಮನಿಗೆ ಕಣ್ಣು ಪೂರ್ತಿ ಹೋಗಿತ್ತು. ಆದರೂ ಆ ಮುದುಕಿ ಮನೆಯೊಳಗೆ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಗೋಡೆಗೆ ಅಂಗೈ ತಾಗಿಸಿಕೊಂಡು ಒಲೆಯ ಹತ್ತಿರ ಹೋಗುತ್ತಿದ್ದಳು, ಹೊರಗಿನ ನಲ್ಲಿಗೆ ಬಂದು ಕೊಡ ಇಡುತ್ತಿದ್ದಳು, ಸೊಸೆ ಬರುವ ಹೊತ್ತಿಗೆ ಅನ್ನ ಮಾಡಿಟ್ಟಿರುತ್ತಿದ್ದಳು. ಅದಕ್ಕೇ ಜೈಬುನ್ ಬೆಳಿಗ್ಗೆ ಗೂಡ್ಸ್ ಆಟೊ ಹತ್ತಿ ಹಳ್ಳಿಗಳಿಗೆ ಹೋಗಿ ಹೊಗೆಸೊಪ್ಪು ಗ್ರೇಡ್ ಮಾಡಿ ಸಂಜೆಗೆ ಬರಲು ಆಗುತ್ತಿತ್ತು. ಆ ಮನೆ ಇದ್ದರೆ ಅವಳಿಗೆ ಕೂಲಿ, ಕೂಲಿ ಇದ್ದರೆ ಆ ಮನೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಕಾರ್ತಿಕದಲ್ಲಿ ಮೈಸೂರಿನಿಂದ ಒಂದು ಸಂಸ್ಥೆಯವರು ಬಂದರು. ಬಡವರ ಮನೆ ಬಾಡಿಗೆಯಲ್ಲಿ ಅರ್ಧವನ್ನು ಮೂರು ವರ್ಷ ಅವರೇ ಕಟ್ಟುತ್ತೇವೆ ಅಂದರು. ಎಲ್ಲರಿಗೂ ಕೊಡುವಷ್ಟು ಶಕ್ತಿ ಅವರಿಗಿರಲಿಲ್ಲ. ನಮ್ಮ ಬೀದಿ ಅಥವಾ ಹೊಳೆ ಕಡೆಯ ಬೀದಿ, ಎರಡರಲ್ಲಿ ಒಂದು. ಒಬ್ಬೊಬ್ಬರನ್ನೇ ನೋಡಿ ಆರಿಸಿದರೆ ಸುಳ್ಳು ಹೇಳುತ್ತಾರೆಂದು ಇಡೀ ಬೀದಿಯ ಲೆಕ್ಕ ತೆಗೆಯುವುದು ಅವರ ಪದ್ಧತಿ. ಬೀದಿಯ ಸರಾಸರಿ ಆದಾಯ ಎಷ್ಟು, ಸರಾಸರಿ ಬಾಡಿಗೆ ಎಷ್ಟು. ಆದಾಯದ ಮೂರನೇ ಒಂದು ಭಾಗಕ್ಕಿಂತ ಬಾಡಿಗೆ ಹೆಚ್ಚಿದ್ದರೆ ಅಲ್ಲಿಯ ಜನಕ್ಕೆ ಅದು ಭಾರ ಎಂದು ಲೆಕ್ಕ.

ಕೆಲಸ ನೋಡಿಕೊಳ್ಳುತ್ತಿದ್ದವರು ಶ್ರುತಿ ಎಂಬ ಹುಡುಗಿ. ಕರಾವಳಿ ಕಡೆಯವರು, ಮೊಮ್ಮಗಳ ವಯಸ್ಸು, ಆದರೆ ಬಲು ಚುರುಕು. ಪ್ರತಿ ಬಾಗಿಲೂ ಗೊತ್ತಿರುವ ಮನುಷ್ಯ ಬೇಕು ಅಂತ ಹುಡುಕಿದಾಗ ಎಲ್ಲರೂ ನನ್ನ ಹೆಸರೇ ಹೇಳಿದರಂತೆ. ಅಂಗನವಾಡಿಯಲ್ಲಿ ಕೂರಿಸಿಕೊಂಡು ಫಾರಂ ತುಂಬುವುದನ್ನು ಹೇಳಿಕೊಟ್ಟರು.

"ಸಾಮಿಲ್ ಮಾಲೀಕರ ಮನೆ ಬಿಟ್ಟುಬಿಡಿ ಅಂಕಲ್. ಒಂದು ದೊಡ್ಡ ಆದಾಯ ಸೇರಿಬಿಟ್ಟರೆ ಬೀದಿಯೆಲ್ಲ ಶ್ರೀಮಂತವಾಗಿ ಕಾಣುತ್ತೆ. ಭೋಗ್ಯದ ಮನೆಗಳನ್ನೂ ಬೇರೆ ಹಾಳೆಯಲ್ಲಿ ಬರೀರಿ. ಅಂದಹಾಗೆ, ಈ ಬೀದಿಯಲ್ಲಿ ನೀವೇನಾದರೂ ಬಾಡಿಗೆಗೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಬೇರೆಯವರಿಂದ ಬರೆಸ್ತೀನಿ."

"ನನಗೆಲ್ಲಿ ಮೇಡಂ? ಇರೋದೊಂದು ಮನೆ" ಅಂದೆ. ಮಾರನೆಯ ದಿನ ಖಾತೆಯ ನಕಲನ್ನೂ ತೋರಿಸಿದೆ. ಕಾಗದದ ಮೇಲೆ ಅದು ಒಂದೇ ಮನೆ.

ಆಗಿನ್ನೂ ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಫಾರಂಗೆ ಇಷ್ಟು ಅಂತ ಕೊಡುವ ದುಡ್ಡಿನ ಆಸೆ ಅಷ್ಟೆ, ಅಂತ ಹೇಳಿಕೊಳ್ಳಬಹುದಿತ್ತು. ಆದರೆ ಆ ಹುಡುಗಿ ಕೊನೆಯಲ್ಲಿ ಷರತ್ತುಗಳನ್ನೂ ಓದಿದರು. ಬೀದಿ ಆಯ್ಕೆಯಾದರೆ ಪ್ರತಿ ಬಾಡಿಗೆ ಮನೆಗೂ ಕರಾರು ಪತ್ರ ಆಗಬೇಕು. ಮಾಲೀಕ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ಮನೆಯ ಖಾತೆ ಸರಿಯಿರಬೇಕು. ಅಂದರೆ ನಮ್ಮ ಬೀದಿ ಆಯ್ಕೆಯಾದರೆ ನನ್ನ ಹಿತ್ತಿಲ ಮನೆಗಳು ಬಯಲಾಗುತ್ತಿದ್ದವು. ಅಷ್ಟು ಕೇಳಿದ ಮೇಲೆ ನಾನು ಫಾರಂ ಕಟ್ಟು ಹಿಡಿದುಕೊಂಡು ಮನೆಗೆ ಬಂದದ್ದು ಬೇರೆ ಮನುಷ್ಯನಾಗಿಯೇ.

ನಮ್ಮ ಸೀಮೆಯ ಹೊಗೆಸೊಪ್ಪಿನ ಕೂಲಿಯ ವಿಷಯ ಹೊರಗಿನವರಿಗೆ ತಿಳಿಯುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಗೌರಿ ಹಬ್ಬದ ಆಸುಪಾಸಿನಿಂದ ಶಿವರಾತ್ರಿಯವರೆಗೆ ಗ್ರೇಡ್ ಮಾಡುವ ಹೆಂಗಸರಿಗೆ ಬಿಡುವಿಲ್ಲ. ಎಲೆಯ ಬಣ್ಣ ನೋಡಿ ವಿಂಗಡಿಸುವ ಕೈ ಚುರುಕಾಗಿದ್ದರೆ ಮನೆ ಬಾಗಿಲಿಗೇ ಆಟೊ ಬರುತ್ತದೆ. ಶಿವರಾತ್ರಿ ಕಳೆಯಿತು ಅಂದರೆ ಅದೇ ಕೈ ಖಾಲಿ. ಮತ್ತೆ ನಾಟಿಗೆ ಕರೆದರೆ ಉಂಟು, ಮದುವೆ ಛತ್ರದಲ್ಲಿ ಪಾತ್ರೆ ತೊಳೆಯಲು ಕರೆದರೆ ಉಂಟು. ನಮ್ಮ ಬೀದಿಯ ಅರ್ಧಕ್ಕರ್ಧ ಮನೆ ನಡೆಯುತ್ತಿದ್ದದ್ದು ಈ ಕೂಲಿಯ ಮೇಲೆ. ಫಾರಂನಲ್ಲಿ ದಿನದ ಕೂಲಿ, ತಿಂಗಳಲ್ಲಿ ಎಷ್ಟು ದಿನ, ವರ್ಷದಲ್ಲಿ ಎಷ್ಟು ತಿಂಗಳು ಎಂದು ಮೂರು ಚೌಕ ಇದ್ದವು. ಮೊದಲೆರಡು ಚೌಕಕ್ಕೆ ಜನ ಹೇಳಿದ್ದನ್ನೇ ಬರೆದೆ. ಮೂರನೆಯದಕ್ಕೆ ಎಲ್ಲರ ಹೆಸರಿನ ಮುಂದೆಯೂ ಹನ್ನೆರಡು ಎಂದು ಬರೆದೆ.

ಬೆಳಿಗ್ಗೆ ಹೊಳೆ ಕಡೆಯಿಂದ ಮಂಜು ಏಳುವ ಹೊತ್ತಿಗೆ ಹೆಂಗಸರೆಲ್ಲ ಹೊರಟುಬಿಡುತ್ತಿದ್ದರು, ಹಾಗಾಗಿ ಸಂಜೆ ಹೋಗುತ್ತಿದ್ದೆ. ಜೈಬುನ್ ಮನೆಗೆ ಹೋದಾಗ ಅವಳು ಆಗತಾನೆ ಬಂದು ಹೊಸಿಲಲ್ಲಿ ಕೂತು ಸೀನುತ್ತಿದ್ದಳು. ಸೊಪ್ಪಿನ ಧೂಳು ತಲೆಯ ಮೇಲಿನ ಸೆರಗಿಗೆಲ್ಲ ಹತ್ತಿತ್ತು.

"ಏನ್ ಸ್ವಾಮಣ್ಣ, ಇನ್ನೂ ಇಪ್ಪತ್ತನೇ ತಾರೀಕು. ಈಗ್ಲೇ ಬಾಡ್ಗೆಗೆ ಬಂದ್ಬುಟ್ರಾ?" ಅಂತ ನಕ್ಕಳು.

"ಬಾಡ್ಗೆಗಲ್ಲ ಕಣವ್ವ, ಸರ್ವೆ. ಕೂಲಿ ಎಷ್ಟು ಅಂತ ಏಳು."

"ಈಗ ದಿನಕ್ಕೆ ಮುನ್ನೂರೈವತ್ತು. ಸೀಸನ್ನಲ್ವಾ, ತಿಂಗಳಿಗೆ ಇಪ್ಪತ್ತಾರು ದಿನಾನೂ ಕೆಲ್ಸ ಐತೆ. ಆದ್ರೆ ಶಿವರಾತ್ರಿ ಕಳುದ್ರೆ ಸೊಪ್ಪು ಎಲ್ಲೈತೆ ಸ್ವಾಮಣ್ಣ? ಅದ್ನೂ ಬರ್ಕಳಿ."

"ಬರ್ಕೊಂಡೆ ಬುಡು."

ಒಳಗಿನಿಂದ ಹಾಜಿರಮ್ಮ, "ಅವ್ರು ಕೊಡೋ ದುಡ್ಡು ಬಂದ್ರೆ ಸ್ವಾಮಪ್ಪ, ಬೇಸ್ಗೇಲಿ ಇವ್ಳು ಕಂಡೋರ ಹತ್ರ ಕೈಯೊಡ್ಡೋದು ತಪ್ತದೆ. ಚೆನ್ನಾಗಿ ಬರಿಯಪ್ಪ" ಅಂದಳು.

ಫಾರಂನ ಕೊನೆಯಲ್ಲಿ ಬಾಡಿಗೆ ಕಟ್ಟುವುದು ಕಷ್ಟವೇ ಎಂಬ ಪ್ರಶ್ನೆ ಇತ್ತು. ಅದನ್ನೂ ಕೇಳಿದೆ. ಆಗ ಅವಳ ಬಾಡಿಗೆ ಎರಡೂವರೆ ಸಾವಿರ. ಜೈಬುನ್ ಸೆರಗಿನ ಧೂಳು ಕೊಡವುತ್ತಾ, "ಪರವಾಗಿಲ್ಲ ಅಂತ ಬರ್ಕಳಿ" ಅಂದಳು. ಫಾರಂ ಇಸಿದುಕೊಂಡು ಬಲ್ಬಿನ ಕೆಳಗೆ ಹಿಡಿದುಕೊಂಡಳು. ಸೈನ್ ಮಾಡುವ ಜಾಗ ಹುಡುಕುತ್ತಿದ್ದಾಳೆ ಅಂದುಕೊಂಡು ಬೆರಳಿಟ್ಟು ತೋರಿಸಿದೆ. ಸೈನ್ ಮಾಡಿದಳು.

ಭೋಗ್ಯದ ಮನೆಗಳದ್ದು ಇನ್ನೊಂದು ಮೋಸ. ಭೋಗ್ಯ ಅಂದರೆ ಒಂದೇ ಸಲಕ್ಕೆ ದೊಡ್ಡ ಮೊತ್ತವನ್ನು ಮಾಲೀಕನ ಕೈಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಆ ಮೊತ್ತವನ್ನು ವಾಪಸ್ ಪಡೆಯುವುದು. ನಮ್ಮ ಬೀದಿಯವರು ಆ ಮೊತ್ತವನ್ನು ಸಂಘದಲ್ಲಿ ಸಾಲ ಎತ್ತಿ ತಂದಿರುತ್ತಿದ್ದರು. ವಾರ ವಾರ ಅವರು ಕಟ್ಟುವ ಕಂತೇ ಅವರ ಬಾಡಿಗೆ. ಬೇರೆ ಹಾಳೆಯಲ್ಲಿ ಬರೆಯಿರಿ ಅಂದಿದ್ದರಲ್ಲ, ನಾನು ಬೇಕೆಂದೇ ಎಲ್ಲರ ಜೊತೆಗೇ ಬರೆದೆ, ತಿಂಗಳ ಬಾಡಿಗೆ ಸೊನ್ನೆ ಅಂತ. ಆದಾಯ ಮೇಲೆ ಹೋಯಿತು, ಬಾಡಿಗೆ ಕೆಳಗೆ ಬಂತು. ಹುಳುಕು ಹಿಡಿದ ನಮ್ಮ ಬೀದಿ ಹಾಳೆಯ ಮೇಲೆ ಸುಖವಾಗಿ ಕಂಡಿತು.

ಸಂಕ್ರಾಂತಿ ಆದ ಮೇಲೆ ಶ್ರುತಿ ಫೋನ್ ಮಾಡಿದರು. "ಅಂಕಲ್, ನಿಮ್ಮ ಬೀದಿಯ ಲೆಕ್ಕ ನೋಡ್ತಾ ಇದ್ದೀನಿ. ನಾನು ಓಡಾಡಿದಾಗ ಕಂಡದ್ದಕ್ಕೂ ಇದಕ್ಕೂ ತಾಳೆಯಾಗ್ತಾ ಇಲ್ಲ. ಹೊಗೆಸೊಪ್ಪಿನ ಕೂಲಿ ವರ್ಷ ಪೂರ್ತಿ ಇರುತ್ತಾ?"

ಫೋನ್ ಹಿಡಿದುಕೊಂಡು ಹಿತ್ತಿಲಿನ ಕಡೆ ನೋಡಿದೆ. ಹಾಜಿರಮ್ಮ ನಲ್ಲಿಯ ಹತ್ತಿರ ಕೊಡದ ಬಾಯಿಯನ್ನು ಕೈಯಲ್ಲಿ ಮುಟ್ಟಿ ನೀರು ಎಷ್ಟು ತುಂಬಿದೆ ಅಂತ ನೋಡುತ್ತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಸೊಪ್ಪಿಲ್ಲದಿದ್ರೆ ಇನ್ನೊಂದು ಕೆಲಸ ಮೇಡಂ. ನಮ್ಮೂರಲ್ಲಿ ದುಡಿಯೋರಿಗೆ ಯಾವ ಕೊರತೆ?" ಅಂದೆ.

"ಹಾಗಾದರೆ ಸರಿ. ನಿಮ್ಮನ್ನು ನಂಬಿಕೊಂಡು ಮುಗಿಸ್ತೀನಿ" ಅಂದರು. ಆ ಹುಡುಗಿಯ ತಪ್ಪು ಏನಾದರೂ ಇದ್ದರೆ ಅದೊಂದೇ.

ಹೊಳೆ ಕಡೆಯ ಬೀದಿ ಆಯ್ಕೆಯಾಯಿತು. ಎರಡೂ ಬೀದಿಯ ಲೆಕ್ಕವನ್ನು ಅಂಗನವಾಡಿ ಗೋಡೆಗೆ ಅಂಟಿಸಿದರು. ನಮ್ಮ ಬೀದಿಯ ಕೆಳಗೆ, ಇಲ್ಲಿಯ ಬಾಡಿಗೆ ನಿವಾಸಿಗಳ ಆದಾಯಕ್ಕೆ ನಿಲುಕುವಂತಿದೆ ಎಂದು ಬರೆದಿತ್ತು. ಜನ ಓದಿ ಸಪ್ಪಗೆ ಹೋದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಆರು ಮನೆ ಬಾಡಿಗೆಗೆ ಬಿಟ್ಟಿದ್ದ ರಾಜಣ್ಣ ಟೀ ಅಂಗಡಿಯಲ್ಲಿ ನನ್ನ ಬೆನ್ನು ತಟ್ಟಿದ.

"ಲೇ ಸ್ವಾಮಿ, ಭಲೇ ಕೆಲ್ಸ ಮಾಡ್ದೆ ಕಣ್ಲಾ! ಇಷ್ಟು ದಿನ ಬಾಡ್ಗೆ ಏರುಸ್ತೀನಿ ಅಂದ್ರೆ ಅಳೋರು. ಈಗ ಗೋಡೆ ಮೇಲೇ ಬರ್ದೈತೆ, ನಿಮ್ ಆದಾಯಕ್ಕೆ ಬಾಡ್ಗೆ ಕಮ್ಮಿ ಅಂತ. ಮೈಸೂರಿನೋರೇ ಏಳವ್ರೆ. ಇನ್ನೇನ್ಲಾ ಬೇಕು?"

ಅವನು ಆ ಹಾಳೆಯ ಫೋಟೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಮನೆ ಮನೆಗೆ ತೋರಿಸಿದ. ಒಂದು ತಿಂಗಳೊಳಗೆ ಇಡೀ ಬೀದಿಯ ಬಾಡಿಗೆ ಏರಿತು. ಎಲ್ಲರೂ ಏರಿಸಿದ ಮೇಲೆ ನಾನೊಬ್ಬ ಯಾಕೆ ಬಿಡಲಿ ಅನ್ನಿಸಿತು. ಜೈಬುನ್ ಮನೆಗೆ ಮೂರೂವರೆ ಸಾವಿರ ಮಾಡಿದೆ. ಅದನ್ನು ಹೇಳಿದ್ದು ಶಿವರಾತ್ರಿಯ ಮಾರನೆಯ ದಿನ. ಅವಳ ಕೂಲಿ ನಿಂತ ಮೊದಲನೆಯ ದಿನ.

"ಎರಡು ತಿಂಗ್ಳು ತಡೀರಿ ಸ್ವಾಮಣ್ಣ. ನಾಟಿ ಕೆಲ್ಸ ಶುರುವಾಗ್ಲಿ, ಕೊಡ್ತೀನಿ" ಅಂತ ಕೇಳಿದಳು. ಸಾಮಿಲ್ಲಿನ ಕಡೆಯಿಂದ ಮರದ ಹೊಟ್ಟಿನ ಧೂಳು ಹಾರಿ ಬರುತ್ತಿದ್ದ ಉರಿಬಿಸಿಲು. ನಾನು ಬಾಗಿಲಲ್ಲೇ ನಿಂತು, "ಬೇರೆಯೋರು ಕೇಳ್ತಾವ್ರೆ ಕಣವ್ವ" ಅಂದೆ. ಯಾರೂ ಕೇಳಿರಲಿಲ್ಲ.

ಆ ದಿನ ನನ್ನ ಹೆಂಡತಿ ಸಾಕಮ್ಮ ಊಟಕ್ಕೆ ಬಡಿಸಿ ಎದುರಿಗೆ ಕೂರಲಿಲ್ಲ. "ಆ ಕಾಗದದಲ್ಲಿ ನೀವು ಬರ್ದಿದ್ದು ನಿಜ್ವಾ?" ಅಂತ ಅಡುಗೆ ಮನೆಯಿಂದಲೇ ಕೇಳಿದಳು.

"ಕೇಳಿದ್ದುಕ್ಕೆ ಅವ್ರು ಏಳಿದ್ದು ಬರ್ದೆ."

"ಶಿವರಾತ್ರಿ ಆದ್ಮೇಲೆ ಅವಳ ಒಲೆ ಉರಿಯದು ಕಷ್ಟ ಅಂತ ಊರಿಗೆಲ್ಲ ಗೊತ್ತು. ಪೋಸ್ಟ್‌ಮ್ಯಾನ್‌ಗೆ ಗೊತ್ತಿರ್ನಿಲ್ವಾ? ನಿಮ್ಮ ಕೈಲಿ ಕಾಗದ ಕೊಟ್ರೆ ಸರಿಯಾಗಿ ಮುಟ್ಟುಸ್ತೀರಿ ಅಂತಲ್ವಾ ಜನ ನಂಬಿದ್ದು?"

ಎರಡು ದಿನ ಕಳೆದು ಅವಳು ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ತವರಿಗೆ ಹೋದಳು. ತಿಂಗಳು ಕಳೆದು ವಾಪಸ್ ಬಂದಳು. ಆದರೆ ಅಲ್ಲಿಂದಾಚೆಗೆ ಬಾಡಿಗೆಯ ದುಡ್ಡನ್ನು ಕೈಯಿಂದ ಮುಟ್ಟಲಿಲ್ಲ.

ಯುಗಾದಿ ಕಳೆದ ವಾರ ಜೈಬುನ್ ಮನೆ ಖಾಲಿ ಮಾಡಿದಳು. ಕೋಟೆ ಹತ್ತಿರ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಅವಳ ಅಣ್ಣನ ಗುಜರಿ ಅಂಗಡಿ ಇತ್ತು, ಅದರ ಹಿಂದಿನ ಒಂದು ಶೀಟಿನ ರೂಮಿಗೆ ಹೊರಟಳು. ಸಾಮಾನೆಲ್ಲ ಒಂದು ಗೂಡ್ಸ್ ಆಟೊಗೂ ಪೂರ್ತಿಯಾಗಲಿಲ್ಲ. ಸುಣ್ಣ ಬಣ್ಣದ ಖರ್ಚು ಅಂತ ಅವಳ ಅಡ್ವಾನ್ಸಿನಲ್ಲಿ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟೆ. ಅವಳು ಎಣಿಸದೆ ಸೆರಗಿಗೆ ಕಟ್ಟಿಕೊಂಡಳು. ಹಾಜಿರಮ್ಮ ಗೋಡೆಗೆ ಅಂಗೈ ತಾಗಿಸಿಕೊಂಡೇ ಬೀದಿಯವರೆಗೆ ಬಂದಳು. ಗೋಡೆ ಮುಗಿದ ಕಡೆ ನಿಂತುಬಿಟ್ಟಳು. ಕೈ ಗಾಳಿಯಲ್ಲಿ ಹಾಗೇ ಇತ್ತು. ಜೈಬುನ್ ಬಂದು ಆ ಕೈ ಹಿಡಿದು ಆಟೊ ಹತ್ತಿಸಿದಳು.

ಅದಾದ ಮೇಲೆ ಎಷ್ಟೋ ಸೀಸನ್ನು ಬಂದು ಹೋದವು. ಹೊಳೆ ಕಡೆಯ ಬೀದಿಯವರ ಮೂರು ವರ್ಷವೂ ಮುಗಿಯಿತು. ಸಂಸ್ಥೆಯವರು ಊರು ಬಿಟ್ಟರು. ಹೋದ ವರ್ಷ ನನಗೆ ಎದೆನೋವು ಬಂದು ಮೈಸೂರಿನಲ್ಲಿ ಹತ್ತು ದಿನ ಮಲಗಿದ್ದೆ. ಬಂದವನೇ ಖಾತೆ ಸರಿ ಮಾಡಿಸಿದೆ. ಒಂದು ಮನೆ ನಾಲ್ಕಾಯಿತು. ಶ್ರುತಿಗೆ ಹಳೆಯ ನಂಬರಿಗೆ ಫೋನ್ ಮಾಡಿದೆ. ಅದು ಬೇರೆ ಯಾರದೋ ಆಗಿತ್ತು. ಉಳಿದದ್ದು ಜೈಬುನ್.

ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದು ಗುಜರಿ ಅಂಗಡಿ ಹುಡುಕಿದೆ. ಅದರ ಹಿಂದೆ ಜೈಬುನ್ ಬಾಗಿಲ ಮುಂದೆ ಕೂತು ಹಳೇ ಬಾಟಲಿ ವಿಂಗಡಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತಳು, ಕೂರಿ ಅನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಖಾತೆ, ಹನ್ನೆರಡು, ಸೊನ್ನೆ, ಫೋನಿನಲ್ಲಿ ಹೇಳಿದ ಸುಳ್ಳು. ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು, ನಡುವೆ ನಡುವೆ ನಿಲ್ಲಿಸಿ ಹೇಳಬೇಕಾಯಿತು.

"ನಾನು ಏಳ್ನೇ ಕ್ಲಾಸ್ ಗಂಟ ಓದಿವ್ನಿ ಸ್ವಾಮಣ್ಣ" ಅಂದಳು. "ಬಲ್ಬಿನ ಕೆಳ್ಗೆ ಇಡ್ಕಂಡು ಅವತ್ತೇ ಓದ್ದೆ. ಹನ್ನೆರಡು ಅಂತ ಬರ್ದಿದ್ರಿ."

"ಮತ್ಯಾಕವ್ವ ಸೈನ್ ಮಾಡ್ದೆ?"

"ಮನೆ ಓನರ್ರೇ ಬಂದು, ನಮ್ಮನೆ ಬಾಡ್ಗೆ ನಿಂಗೆ ಕಷ್ಟ ಆಯ್ತದಾ ಅಂತ ಕೇಳುದ್ರೆ ಏನ್ ಏಳ್ಬೇಕಿತ್ತು? ತಪ್ಪು ಬರ್ದಿದ್ದೀರಿ ಅಂದಿದ್ರೆ ಮನೆ ಅವತ್ತೇ ಹೋಗದು. ಸೈನ್ ಹಾಕುದ್ರೆ ಸೀಸನ್ ಮುಗಿಯೋಗಂಟ ಆದ್ರೂ ಇರ್ಬೋದು ಅನ್ಕಂಡೆ. ಅಷ್ಟು ಇದ್ದೆ."

ಇಷ್ಟು ವರ್ಷ ನಾನೊಬ್ಬನೇ ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದ ಗುಟ್ಟನ್ನು ಅವಳು ಆವತ್ತಿನಿಂದಲೂ ಬಲ್ಲಳು. ತಿಂಗಳು ತಿಂಗಳೂ ಬಾಡಿಗೆ ಕೊಡುವಾಗ ನನ್ನ ಮುಖ ನೋಡಿ ನಗುತ್ತಲೇ ಕೊಟ್ಟಿದ್ದಳು.

"ವಾಪಸ್ ಬಂದ್ಬುಡವ್ವ. ಹಳೇ ಬಾಡ್ಗೆಗೇ ಬಾ. ಬಾಡ್ಗೆನೇ ಬೇಡ, ಬಾ" ಅಂದೆ.

"ಈಗ ಅಲ್ಲಿ ಯಾರವ್ರೆ?"

"ಬೆಟ್ಟದಪುರದ ಕಡೆಯೋರು. ಗಂಡ ಹೆಂಡ್ತಿ, ಒಂದು ಕೈಕೂಸು."

"ಅವ್ರುನ್ನ ಎಲ್ಲಿಗೆ ಕಳುಸ್ತೀರಿ?"

ನಾನು ಅದನ್ನು ಯೋಚಿಸಿರಲಿಲ್ಲ. ಬಸ್ಸಿನಲ್ಲಿ ಬರುತ್ತಾ ಎಲ್ಲ ಯೋಚಿಸಿದ್ದೆ, ಅವಳು ಬೈಯುವುದು, ಅಳುವುದು, ಕ್ಷಮಿಸುವುದು. ಇದೊಂದನ್ನು ಬಿಟ್ಟು. ಅವಳು ಕೂತು ಮತ್ತೆ ಬಾಟಲಿಗೆ ಕೈ ಹಾಕಿದಳು.

ಶೀಟಿನ ರೂಮಿನೊಳಗೆ ಮಂಚ ಕಿರುಗುಟ್ಟಿತು. ಹಾಜಿರಮ್ಮನ ದನಿ. ಇಲ್ಲಿಗೆ ಬಂದ ಮೇಲೆ ಮುದುಕಿ ಮಂಚ ಬಿಟ್ಟು ಇಳಿದದ್ದೇ ಕಮ್ಮಿ ಅಂತ ಅಂಗಡಿಯಲ್ಲಿದ್ದ ಜೈಬುನ್ ಅಣ್ಣ ಆಗಲೇ ಹೇಳಿದ್ದ.

"ಯಾರೇ ಅದು ಜೈಬುನ್?"

ಜೈಬುನ್ ನನ್ನನ್ನು ನೋಡಿದಳು.

"ಯಾರೋ ಬಾಡ್ಗೆ ಮನೆ ಕೇಳ್ಕಂಡು ಬಂದವ್ರೆ ಅತ್ತೆ. ಇಲ್ಲ ಅಂದೆ."

"ವಯಸ್ಸಾದೋರಾ?"

"ಊಂ."

"ಪಾಪ. ಈ ವಯಸ್ಸಲ್ಲಿ ಮನೆ ಹುಡುಕ್ಕಂಡು ಅಲೀಬೇಕಲ್ಲ. ನೀರಾದ್ರೂ ಕೊಟ್ಟು ಕಳ್ಸೇ."

ಜೈಬುನ್ ಒಳಗೆ ಹೋಗಿ ಒಂದು ಸ್ಟೀಲ್ ಲೋಟದಲ್ಲಿ ನೀರು ತಂದು ಕೊಟ್ಟಳು. ನಿಂತೇ ಕುಡಿದೆ. ಲೋಟವನ್ನು ಹೊಸಿಲ ಮೇಲೆ ಸದ್ದಾಗದಂತೆ ಇಟ್ಟು ರಸ್ತೆಗೆ ಬಂದೆ.